ಚಿನ್ನದ ಸೀಮೆಯ ಬೆಟ್ಟಗಳು

ಬೆಟ್ಟದ ಸೀಮೆ ಎಂದೊಡನೆ ಕನ್ನಡಿಗರಾದ ನಮ್ಮ ಮನಸ್ಸು ಪಡುವಣ ದಿಕ್ಕಿಗೆ ಹರಿಯುವುದು. ಕೊಡಚಾದ್ರಿ, ಕುದುರೆಮುಖ, ಬಾಬಾಬುಡನ್‌ಗಿರಿ ಎಂಬ ಹೆಸರುಗಳೇ ನಮಗೆ ಮೊದಲು ನೆನಪಾಗುವುವು. ಅಲ್ಲಿ ಕಾಡುಂಟು, ಮಳೆಯುಂಟು, ವರ್ಷವೆಲ್ಲ ಹರಿಯುವ ಹೊಳೆಗಳುಂಟು. ಮೂಡಣದ ಕೋಲಾರ ಸೀಮೆಯ ಬೆಟ್ಟಗಳಿಗೆ ಇಂತಹ ಭಾಗ್ಯವಿಲ್ಲ. ಅವು ಬೋಳು ಬಂಡೆಗಳು. ಬೇಸಗೆಯಲ್ಲಿ ಕಾದು, ಮಾಗಿಯಲ್ಲಿ ಮಂಜು ಹೊದ್ದು ನಿಂತಿರುವ ಕಲ್ಲಿನ ರಾಶಿಗಳು. ಆದರೆ ಈ ಬಡ ಬೆಟ್ಟಗಳ ಬುಡದಲ್ಲಿ ಅಡಗಿದ್ದ ಒಂದು ವಸ್ತುವಿನ ದೆಸೆಯಿಂದ ಇಲ್ಲಿ ನಡೆದಷ್ಟು ಮನುಷ್ಯವ್ಯಾಪಾರ ಪಡುವಣದ ಯಾವ ಶಿಖರದ ನೆರಳಿನಲ್ಲಿಯೂ ನಡೆಯಲಿಲ್ಲ. ಆದುದರಿಂದ ಈ ಹೊತ್ತು ನಾವು ರಾಬರ್ಟ್‌ಸನ್‌ಪೇಟೆಯನ್ನು ನಡುವಿರಿಸಿಕೊಂಡು, ಈ ಸೀಮೆಯ ನೆಲ, ನೀರು, ಜನ ಎಂಬ ಮೂರನ್ನೂ ಒಂದರೊಡನೊಂದು ಹೊಂದಿಸಿ ನೋಡೋಣ.

ಮೊದಲು ನೆಲದ ವಿಚಾರ. ಮೈಸೂರು ಪ್ರಸ್ಥಭೂಮಿಯು ಮೂಡಲಿಗೆ ಮುಗಿದು, ತಮಿಳುನಾಡಿನ ಬಯಲಿಗೆ ಇಳಿಯುವ ಅಂಚಿನಲ್ಲಿ ಈ ಸೀಮೆಯಿದೆ. ವಾಯವ್ಯದಲ್ಲಿ ನಂದಿಬೆಟ್ಟವು 4,800 ಅಡಿಗೂ ಮಿಗಿಲಾಗಿ ಎದ್ದು ನಿಂತಿದೆ. ಕೋಲಾರ ಪಟ್ಟಣದ ಮಗ್ಗುಲಿನಲ್ಲಿ ಶತಶೃಂಗ ಪರ್ವತವೆಂದು ಹೆಸರಾದ ಬೆಟ್ಟಸಾಲೂ, ಅದರ ಇಳಿಜಾರಿನಲ್ಲಿ ಅಂತರಗಂಗೆಯೆಂಬ ಬುಗ್ಗೆಯೂ ಇವೆ. ಇನ್ನೂ ಮೂಡಲಿಗೆ ಹೋದರೆ ಆವನಿ, ಕುರುಡುಮಲೆಗಳು ಸಿಕ್ಕುವುವು. ತೆಂಕಣಕ್ಕೆ ಟೇಕಲ್ಲಿನ ಗುಡ್ಡಗಳು, ಬೂದಿಕೋಟೆಯ ಬಂಡೆಗಳು ಹಬ್ಬಿವೆ. ಇವೆಲ್ಲವೂ ಬಹುಮಟ್ಟಿಗೆ ಒಂದೇ ಜಾತಿಯ ಬಿಳುಪು ಬೂದು ಬಣ್ಣದ ಶಿಲೆಗಳು. ಇವುಗಳ ನಡುವೆ ಬಡಗಣದಿಂದ ತೆಂಕಣಕ್ಕೆ, ಸುಮಾರು ಐವತ್ತು ಮೈಲಿ ಉದ್ದ, ಕೆಲವೇ ಮೈಲಿ ಅಗಲವಾಗಿ, ಬೇರೆ ಜಾತಿಯ ಕಪ್ಪು ಶಿಲೆಯ ಪಟ್ಟಿಯೊಂದು ಹಾದು ಹೋಗಿದೆ. ಬಿಳಿಯ ಸೀರೆಗೆ ಕರಿಯ ಅಂಚು ಹಚ್ಚಿದಂತೆ ತೋರುವ ಈ ಪಟ್ಟಿಯೇ ಚಿನ್ನದ ಸೀಮೆ. ಬೆಟರಾಯಸ್ವಾಮಿ ಕೊಂಡವೂ ಎರ್ರಕೊಂಡವೂ ಇದರ ಮಗ್ಗುಲಿನ ಗುಡ್ಡಗಳು.

ಈ ಕಪ್ಪು ಶಿಲೆಯು ಸುಮಾರು 270 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದ ದ್ರವಶಿಲೆಯಿಂದ ಹುಟ್ಟಿದುದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಕೆಲವೆಡೆ ಅದು ನೀರಿನೊಳಗೆ ಉಕ್ಕಿ, ದಿಂಬುಗಳನ್ನು ಒಟ್ಟಿದ ಹಾಗೆ ಹೆಪ್ಪುಗಟ್ಟಿರುವುದನ್ನು ಈಗಲೂ ನೋಡಬಹುದು. ಪೆದ್ದಪಲ್ಲಿಯ ಬಳಿ ಇರುವ ಇಂತಹ ಪುರಾತನ ಜ್ವಾಲಾಮುಖಿಯ ಶಿಲೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದ್ದಾರೆ. ಶಿಲೆಯು ಬಾಗಿ ಬಿರಿದಾಗ, ಆ ಬಿರುಕುಗಳಲ್ಲಿ ಬಿಸಿನೀರಿನೊಡನೆ ಬೆಣಚುಕಲ್ಲೂ ಅದರೊಳಗೆ ಚಿನ್ನವೂ ಬಂದು ನೆಲೆಸಿದುವು. ಚಿನ್ನವು ಗಟ್ಟಿಯಾಗಿ ಕಣ್ಣಿಗೆ ಬೀಳುವುದು ಅಪೂರ್ವ. ಬಹುಪಾಲು ಅದು ಧೂಳಿಗಿಂತ ಸಣ್ಣದಾಗಿ ಕಲ್ಲಿನೊಳಗೆ ಬೆರೆತಿರುವುದು. ಈ ಒಂದು ಗುಣವನ್ನು ನಾವು ನೆನಪಿನಲ್ಲಿಡಬೇಕು. ಮುಂದೆ ಹೇಳುವ ಬಹು ಸಂಗತಿಗಳು ಇದರಿಂದಲೇ ಹುಟ್ಟಿದುವು.

ಇನ್ನು ನೀರು. ನಂದಿಯ ಬೆಟ್ಟಸಾಲು ನದಿಗಳ ತವರೆಂದು ಪ್ರಸಿದ್ಧವಾಗಿದೆ. ಉತ್ತರ ಪಿನಾಕಿನಿಯು ಬಡಗಣಕ್ಕೂ, ದಕ್ಷಿಣ ಪಿನಾಕಿನಿಯು ತೆಂಕಣಕ್ಕೂ ಹೊರಡುವುವು. ಪಾಲಾರ್ ನದಿಯು ಚಿಂತಾಮಣಿ ಸೀಮೆಯ ತಲಗವಾರದಲ್ಲಿ ಹುಟ್ಟಿ, ಕೋಲಾರದ ನೆಲವನ್ನು ಹಾದು, ಆಂಧ್ರವನ್ನು ಮುಟ್ಟಿ ತಮಿಳುನಾಡನ್ನು ಸೇರುವುದು. ಆದರೆ ತವರುಮನೆಯಲ್ಲಿ ಹೆಣ್ಣುಮಕ್ಕಳು ನಿಲ್ಲದಿರುವಂತೆ ಈ ನದಿಗಳೂ ಇಲ್ಲಿ ನಿಲ್ಲುವುದಿಲ್ಲ. ವರ್ಷಕ್ಕೆ ಮೂವತ್ತು ಅಂಗುಲದ ಒಳಗೆ ಬೀಳುವ ಮಳೆಯೇ ಇವುಗಳ ಬಂಡವಾಳ. ಮಳೆ ಮುಗಿದರೆ ಹೊಳೆಯಲ್ಲಿ ಮರಳಷ್ಟೇ ಉಳಿಯುವುದು. ಬೆಟ್ಟವುಂಟು, ನದಿಯ ಹುಟ್ಟುಂಟು, ಆದರೂ ಕುಡಿಯುವ ನೀರಿಗೆ ಬರ! ಇದೇ ಈ ಸೀಮೆಯ ಮೊದಲ ವೈಚಿತ್ರ್ಯ.

ಈ ಕೊರತೆಗೆ ನಮ್ಮ ಹಿರಿಯರು ಕಂಡುಕೊಂಡ ಉಪಾಯ ಕೆರೆ. ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ಇಳಿದು ಬರುವ ನೀರನ್ನು ತಡೆಯುವುದು. ಒಂದು ಕೆರೆಯ ಕೋಡಿ ಹರಿದರೆ ಅದು ಕೆಳಗಿನ ಊರಿನ ಕೆರೆಗೆ ಹೋಗಿ ತುಂಬುವುದು. ಹೀಗೆ ಪಾಲಾರಿನ ಉದ್ದಕ್ಕೂ ಕೆರೆಗಳು ಮಣಿಸರದಂತೆ ಪೋಣಿಸಿಕೊಂಡಿವೆ. ಕೋಲಾರವನ್ನು ಕುವಲಾಲಪುರವೆಂದು ಕರೆದು, ತಮ್ಮನ್ನು ಅದರ ಒಡೆಯರೆಂದು ಹೇಳಿಕೊಂಡ ಗಂಗ ಅರಸರು, ಅವರ ತರುವಾಯ ನೊಳಂಬರು, ಚೋಳರು ಎಲ್ಲರೂ ಈ ನೆಲದಲ್ಲಿ ಗುಡಿಗಳನ್ನೂ ಕೆರೆಗಳನ್ನೂ ಬಿಟ್ಟುಹೋಗಿದ್ದಾರೆ. ಪಾಲಾರಿಗೆ ಅಡ್ಡಲಾಗಿರುವ ಬೇತಮಂಗಲದ ಕೆರೆ ಇವುಗಳಲ್ಲಿ ಬಹು ದೊಡ್ಡದು. ಆ ಊರಿಗೆ ಶಾಸನಗಳಲ್ಲಿ ವಿಜಯಾದಿತ್ಯಮಂಗಲವೆಂಬ ಹೆಸರಿದೆ.

ಇಂತಹ ನೆಲದಲ್ಲಿ ಜನ ಹೇಗೆ ನೆಲೆಸಿದರೆಂಬುದನ್ನು ಊರುಗಳ ಹೆಸರೇ ಹೇಳುತ್ತವೆ. ಇಲ್ಲಿ ಗುಡ್ಡಕ್ಕೆ ಕನ್ನಡದಲ್ಲಿ ಬೆಟ್ಟ, ತೆಲುಗಿನಲ್ಲಿ ಕೊಂಡ, ತಮಿಳಿನಲ್ಲಿ ಮಲೈ ಎನ್ನುವರು. ಮೂರೂ ಒಂದು ದಿನದ ನಡಿಗೆಯೊಳಗೆ ಕಿವಿಗೆ ಬೀಳುವುವು. ಹಳ್ಳಿಯೂ ಪಲ್ಲಿಯೂ ಕುಪ್ಪಮೂ ಅಕ್ಕಪಕ್ಕದಲ್ಲಿವೆ. ರಾಗಿ ಬೆಳೆದು, ಕುರಿ ಮೇಯಿಸಿ, ಕೆರೆಯ ಕೆಳಗೆ ಒಂದಿಷ್ಟು ಬತ್ತ ಕಂಡು ಬಾಳಿದ ರೈತರಿಗೆ ಭಾಷೆಯ ಗಡಿಯು ಗೋಡೆಯಾಗಿರಲಿಲ್ಲ. ಮನೆಯಲ್ಲಿ ಒಂದು ನುಡಿ, ಸಂತೆಯಲ್ಲಿ ಇನ್ನೊಂದು ನುಡಿ ಆಡುವ ಪದ್ಧತಿಯು ಗಣಿಗಿಂತ ಬಹು ಹಳೆಯದು.

ಚಿನ್ನದ ಕಥೆಯೂ ಹಳೆಯದೇ. ಗಣಿಯ ಸಂಘದವರು ಕೆಲಸಕ್ಕೆ ಕೈಹಚ್ಚಿದಾಗ, ಯಾರೋ ಪುರಾತನರು ಇನ್ನೂರು ಅಡಿಗೂ ಮಿಗಿಲು ಆಳಕ್ಕೆ ತೋಡಿದ್ದ ಗುಂಡಿಗಳು ಅವರ ಕಣ್ಣಿಗೆ ಬಿದ್ದುವು. ಆ ಹಳೆಯ ತೋಡುಗಳಲ್ಲಿ ದೊರೆತ ಮರದ ತುಂಡುಗಳನ್ನು ವಿಜ್ಞಾನಿಗಳು ಪರೀಕ್ಷಿಸಿ, ಅವು ಸುಮಾರು ಸಾವಿರದ ಮುನ್ನೂರರಿಂದ ಸಾವಿರದೈನೂರು ವರ್ಷಗಳಷ್ಟು ಹಿಂದಿನವೆಂದು ತೀರ್ಮಾನಿಸಿದ್ದಾರೆ. ಎಂದರೆ ಗಂಗರು ಆಳುತ್ತಿದ್ದ ಕಾಲದಲ್ಲಿಯೇ ಇಲ್ಲಿ ಜನ ಬಂಡೆಗೆ ಬೆಂಕಿಯಿಟ್ಟು, ನೀರೆರೆದು ಸೀಳಿ, ಚಿನ್ನವನ್ನು ತೆಗೆಯುತ್ತಿದ್ದರೆಂದಾಯಿತು. ಅವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ, ಮೈಸೂರಿನ ಮೂಡಣ ಗಡಿಯನ್ನು ಅಳೆಯಲು ಬಂದವರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಎಂಬವನೊಬ್ಬ. 1802ರಲ್ಲಿ ಅವನು ಎರ್ರಕೊಂಡದ ಸುತ್ತಿನಲ್ಲಿ ಚಿನ್ನವಿದೆಯೆಂಬ ಮಾತನ್ನು ಕೇಳಿ, ತೋರಿಸಿಕೊಟ್ಟವರಿಗೆ ಬಹುಮಾನವೆಂದು ಸಾರಿದ. ಉರಿಗಾಮಿನ ಜನ ಬಂಡಿಯಲ್ಲಿ ಮಣ್ಣು ತಂದು, ಅವನ ಕಣ್ಣೆದುರಿಗೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಮಾರಿಕುಪ್ಪದಲ್ಲಿ ಊರ ಹೊರಗಿನ ಕೇರಿಯ ದಲಿತರು ಮೂವತ್ತು ಅಡಿಗೂ ಮಿಗಿಲಾದ ಗುಂಡಿಗಳಿಗೆ ಇಳಿದು, ಕಲ್ಲನ್ನು ಬುಟ್ಟಿಯಲ್ಲಿ ಕೈಯಿಂದ ಕೈಗೆ ದಾಟಿಸಿ ಮೇಲಕ್ಕೆ ಕಳುಹಿಸುತ್ತಿದ್ದರು. ಹೆಂಗಸರು ಅದನ್ನು ಕುಟ್ಟಿ ಪುಡಿಮಾಡಿ ತೊಳೆಯುತ್ತಿದ್ದರು. ವಾರನ್ನನು ಚಿನ್ನವನ್ನು ಕಂಡುಹಿಡಿದನೆಂದು ಪುಸ್ತಕಗಳಲ್ಲಿ ಓದುತ್ತೇವೆ. ಅವನು ಕಂಡುದು, ಚಿನ್ನವನ್ನು ಮೊದಲೇ ಬಲ್ಲವರನ್ನು.

ಆಮೇಲೆ ಎಪ್ಪತ್ತು ವರ್ಷ ಹೆಚ್ಚಿನದೇನೂ ನಡೆಯಲಿಲ್ಲ. ನ್ಯೂಜಿಲೆಂಡಿನ ಯುದ್ಧದಲ್ಲಿ ಕಾದು ಬಂದು ಬೆಂಗಳೂರಿನ ದಂಡಿನಲ್ಲಿ ನೆಲೆಸಿದ್ದ ಮೈಕೇಲ್ ಲವೆಲ್ಲನು 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ, 1875ರಲ್ಲಿ ಗಣಿ ತೋಡುವ ಹಕ್ಕನ್ನು ಪಡೆದ. ಅವನಲ್ಲಿ ಹಣವಿಲ್ಲದೆ ಹಕ್ಕು ಬೇರೆಯವರಿಗೆ ದಾಟಿತು. 1880ರ ಸುಮಾರಿಗೆ ಇಂಗ್ಲೆಂಡಿನ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಯವರು ಆಡಳಿತವನ್ನು ವಹಿಸಿಕೊಂಡರು. ಹಾಕಿದ ಬಂಡವಾಳವೆಲ್ಲ ಕರಗಿ, ಮುಚ್ಚಿಬಿಡೋಣವೆಂಬ ಮಾತು ಹುಟ್ಟಿದ ಹೊತ್ತಿನಲ್ಲಿ, ಮೈಸೂರು ಗಣಿಯ ಕ್ಯಾಪ್ಟನ್ ಪ್ಲಮ್ಮರನು ಪುರಾತನರ ಹಳೆಯ ತೋಡಿನ ಕೆಳಗೆ ಇನ್ನೂ ಆಳಕ್ಕೆ ಇಳಿದು, ಸಮೃದ್ಧವಾದ ಚಾಂಪಿಯನ್ ಲೋಡ್ ಎಂಬ ಅದಿರಿನ ಪದರವನ್ನು ಮುಟ್ಟಿದನು. ಹೆಸರಿಲ್ಲದ ಹಿಂದಿನವರು ಬಿಟ್ಟುಹೋದ ಗುರುತೇ ಹೊಸಬರಿಗೆ ದಾರಿತೋರಿತು.

ಅಲ್ಲಿಂದ ಮುಂದೆ ಭೂಗೋಳವೇ ಬದಲಾಯಿತು. ಮದರಾಸಿನಿಂದ ಬೆಂಗಳೂರಿಗೆ 1864ರಲ್ಲಿ ಬಂದಿದ್ದ ರೈಲುದಾರಿಯಲ್ಲಿ ಬೌರಿಂಗ್‌ಪೇಟೆಯೆಂಬ ನಿಲ್ದಾಣವಿತ್ತು. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗನ ಹೆಸರಿನ ಈ ಊರೇ ಇಂದಿನ ಬಂಗಾರಪೇಟೆ. ಅಲ್ಲಿಂದ ಹತ್ತು ಮೈಲಿಯ ಕವಲುದಾರಿಯೊಂದು 1890ರ ದಶಕದಲ್ಲಿ ಗಣಿಗಳಿಗೆ ಬಂದಿತು. ಕೋರಮಂಡಲ್, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂಬ ನಿಲ್ದಾಣಗಳು ಇಂದಿಗೂ ಆ ದಾರಿಯಲ್ಲಿವೆ. 1902ನೆಯ ಇಸವಿ ಜೂನ್ ತಿಂಗಳ 30ರಂದು ಕಾವೇರಿಯ ಶಿವನಸಮುದ್ರದಿಂದ 92 ಮೈಲಿ ತಂತಿಯ ಮೇಲೆ ವಿದ್ಯುಚ್ಛಕ್ತಿ ಇಲ್ಲಿಗೆ ಹರಿದು ಬಂದಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದುದು 1905ರಲ್ಲಿ. ಪಾಲಾರಿನ ನೀರನ್ನು ಬೇತಮಂಗಲದಿಂದ ಕೊಳವೆಗಳಲ್ಲಿ ಗಣಿಯೂರಿಗೆ ತಂದರು. 1892ರಲ್ಲಿ ಮೈಸೂರಿಗೂ ಮದರಾಸಿಗೂ ಆಗಿದ್ದ ನದಿಯ ಒಡಂಬಡಿಕೆಗೆ ಪಾಲಾರೂ ಒಳಪಟ್ಟಿತ್ತು. ಬಡ ಹೊಳೆಯಾದರೂ ಅದರ ನೀರು ಇಬ್ಬರ ಸೊತ್ತು. ರೈಲು, ಮಿಂಚು, ನೀರು ಮೂರೂ ಹೊರಗಿನಿಂದ ಬಂದುವು. ನೆಲದಲ್ಲಿ ಇದ್ದುದು ಚಿನ್ನವೊಂದೇ.

ಇವೆಲ್ಲಕ್ಕಿಂತ ಮಿಗಿಲಾಗಿ ಹೊರಗಿನಿಂದ ಬಂದವರು ಜನ. 1876ರಿಂದ 1878ರ ವರೆಗಿನ ಘೋರ ಕ್ಷಾಮದಲ್ಲಿ ಮೈಸೂರು ಸಂಸ್ಥಾನವೂ ಮದರಾಸಿನ ಜಿಲ್ಲೆಗಳೂ ನಾಶವಾಗಿದ್ದ ಕಾಲವದು. ಉತ್ತರ ಆರ್ಕಾಡು, ಸೇಲಂ, ಚಿತ್ತೂರು ಕಡೆಗಳಿಂದ ಭೂಮಿಯಿಲ್ಲದ ಕೂಲಿಗಳು, ಅವರಲ್ಲಿ ಬಹುಪಾಲು ದಲಿತರು, ಹೊಟ್ಟೆಯ ಪಾಡಿಗೆ ಘಟ್ಟವೇರಿ ಬಂದರು. ಇಂಗ್ಲೆಂಡಿನ ಕಾರ್ನ್‌ವಾಲಿನ ತವರದ ಗಣಿಗಳಲ್ಲಿ ಪಳಗಿದವರೂ, ಇಟಲಿಯವರೂ, ಆಂಗ್ಲೋ ಇಂಡಿಯನರೂ, ಕಾವಲಿಗೆ ಪಂಜಾಬಿನವರೂ ಬಂದರು. 1901ರ ಜನಗಣತಿಯ ಹೊತ್ತಿಗೆ, ಕೆಲವು ಹಳ್ಳಿಗಳಿದ್ದ ಜಾಗದಲ್ಲಿ 38,000ಕ್ಕೂ ಮಿಗಿಲು ಜನರಿದ್ದರು. ಕೂಲಿಗಾರರಿಗೆ ಮೊದಲು ದೊರೆತುದು ಬಿದಿರು ತಟ್ಟಿಯ ಗುಡಿಸಲು. ಅವು ಸಾಲುಸಾಲಾಗಿದ್ದುದರಿಂದ ‘ಲೈನು’ ಎಂಬ ಹೆಸರು ಹುಟ್ಟಿ ಇಂದಿಗೂ ಉಳಿದಿದೆ. ದೊರೆಗಳ ಬಂಗಲೆಗಳು ಗುಡ್ಡದ ಮೇಲೆ, ಗಾಳಿ ಬರುವ ಕಡೆಗೆ. ಯಾರು ಎಷ್ಟು ಎತ್ತರದಲ್ಲಿ ವಾಸವಾಗಿದ್ದರೆಂಬುದನ್ನು ನೋಡಿದರೆ ಸಾಕು, ಅವರ ಅಂತಸ್ತು ತಿಳಿಯುತ್ತಿತ್ತು.

ಈ ದಟ್ಟಣೆಯಲ್ಲಿ ರೋಗರುಜಿನಗಳ ಭಯವು ಬಲವಾದಾಗ, ಇಪ್ಪತ್ತನೆಯ ಶತಮಾನದ ಆದಿಯಲ್ಲಿ, ನೇರವಾದ ಬೀದಿಗಳುಳ್ಳ ಹೊಸ ಪೇಟೆಯೊಂದನ್ನು ಕಟ್ಟಿಸಿ, ಆಗ ಮೈಸೂರಿನ ರೆಸಿಡೆಂಟರಾಗಿದ್ದ ಸರ್ ಡೊನಾಲ್ಡ್ ರಾಬರ್ಟ್‌ಸನ್ನರ ಹೆಸರನ್ನು ಇಟ್ಟರು. ಇದೇ ರಾಬರ್ಟ್‌ಸನ್‌ಪೇಟೆ. ಇದರ ಜೊತೆಯ ಊರು ಆಂಡರ್ಸನ್‌ಪೇಟೆ. ಗಣಿಯು ಕಂಪನಿಯದಾದರೆ ಪೇಟೆಯು ಜನರದಾಯಿತು. ತಮಿಳು, ತೆಲುಗು, ಕನ್ನಡ, ಉರ್ದು ಮಾತುಗಳು ಒಂದೇ ಅಂಗಡಿಯ ಜಗಲಿಯಲ್ಲಿ ಕೇಳಿಬಂದುವು. ಗುಡಿ, ಮಸೀದಿ, ಇಗರ್ಜಿಗಳ ಜೊತೆಗೆ, ಅಯೋತಿದಾಸ ಪಂಡಿತರ ಪ್ರೇರಣೆಯಿಂದ ಮಾರಿಕುಪ್ಪದಲ್ಲಿಯೂ ಚಾಂಪಿಯನ್ ರೀಫಿನಲ್ಲಿಯೂ ಬೌದ್ಧ ಸಂಘದ ಶಾಖೆಗಳು ತಲೆಯೆತ್ತಿದುವು. ಊರಿನಲ್ಲಿ ಕೇರಿಯ ಹೊರಗಿಟ್ಟವರು ಇಲ್ಲಿ ಸಭೆ ಸೇರಿದರು, ಓದು ಕಲಿತರು. 1930ರಲ್ಲಿ ಕೂಲಿಗಾರರ ಬೆರಳಚ್ಚು ತೆಗೆದು ದಾಖಲು ಮಾಡುವ ಕ್ರಮವು ಬಂದಾಗ, ನಾವೇನು ಕಳ್ಳರೇ ಎಂದು ಸಾವಿರಾರು ಜನ ಒಟ್ಟಾಗಿ ಸುಮಾರು ಮೂರು ವಾರ ಕೆಲಸ ನಿಲ್ಲಿಸಿದುದು ಈ ಬದಲಾವಣೆಯ ಫಲವೇ.

ಈಗ ಮತ್ತೆ ಬೆಟ್ಟಕ್ಕೆ ಬರೋಣ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 6,300 ಅಡಿ. ಚಾಂಪಿಯನ್ ರೀಫ್ ಗಣಿಯ ಆಳವಾದರೋ ಹತ್ತು ಸಾವಿರ ಅಡಿಯನ್ನು ಮೀರಿತು. ಮುಳ್ಳಯ್ಯನಗಿರಿಯನ್ನು ಬುಡಮೇಲು ಮಾಡಿ ಆ ಬಾವಿಯೊಳಗಿಟ್ಟರೂ ತಳ ಮುಟ್ಟದು. ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಇದೊಂದು. ಬೆಟ್ಟವನ್ನು ಹತ್ತುವವನಿಗೆ ತಂಪು ಹೆಚ್ಚುವುದು; ಇಲ್ಲಿ ಇಳಿಯುವವನಿಗೆ ಸೆಕೆ ಹೆಚ್ಚುವುದು. ತಳದಲ್ಲಿ ಬಂಡೆಯ ಉಷ್ಣವು ಫ್ಯಾರನ್‌ಹೀಟ್ ಮಾನದಲ್ಲಿ 150 ಡಿಗ್ರಿಯ ಸಮೀಪಕ್ಕೆ ಏರುತ್ತಿತ್ತು. ಮೇಲಿನ ಭಾರಕ್ಕೆ ಬಂಡೆಯು ಇದ್ದಕ್ಕಿದ್ದಂತೆ ಸಿಡಿದು ಕುಸಿಯುತ್ತಿತ್ತು. ಆ ಅದುರು ಮೇಲಿನ ಮನೆಗಳಿಗೂ ತಟ್ಟುತ್ತಿತ್ತು. ಅಂತಹ ಅದುರು ಕೇಳಿದ ರಾತ್ರಿ ಲೈನುಗಳ ಹೆಂಗಸರು ಬಾವಿಯ ಬಾಯಿಗೆ ಓಡುತ್ತಿದ್ದರು. ಗಂಡಾಂತರದಿಂದ ಪಾರಾದವರನ್ನೂ ಕಲ್ಲಿನ ಧೂಳು ಬಿಡಲಿಲ್ಲ. ಉಸಿರಿನೊಡನೆ ಒಳಹೊಕ್ಕ ಬೆಣಚುಕಲ್ಲಿನ ಪುಡಿಯು ಎದೆಗೂಡನ್ನು ಗಟ್ಟಿಮಾಡಿ, ನಡುವಯಸ್ಸಿನಲ್ಲಿಯೇ ಅನೇಕರನ್ನು ಹಾಸಿಗೆ ಹಿಡಿಸಿತು. ಅದೇ ಆಳದ ನೀರವತೆಯಲ್ಲಿ 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನು ಮತ್ತು ಇಂಗ್ಲೆಂಡಿನ ವಿಜ್ಞಾನಿಗಳೊಡನೆ ಕೂಡಿ, ಆಕಾಶದಿಂದ ಬರುವ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣಗಳ ಗುರುತನ್ನು ಪತ್ತೆಹಚ್ಚಿದುದೂ ಸ್ಮರಣೀಯ.

ಚಿನ್ನವು ಧೂಳಿಗಿಂತ ಸಣ್ಣದೆಂದು ಮೊದಲೇ ಹೇಳಿದೆವು. ಆದ್ದರಿಂದ ಕಲ್ಲನ್ನೆಲ್ಲ ಹಿಟ್ಟಿನಂತೆ ಅರೆದು, ಪಾದರಸದಿಂದಲೂ ಸಯನೈಡಿನ ದ್ರಾವಣದಿಂದಲೂ ಚಿನ್ನವನ್ನು ಬೇರ್ಪಡಿಸಬೇಕು. ಮೊದಮೊದಲು ಒಂದು ಟನ್ ಕಲ್ಲಿಗೆ ನಲವತ್ತು ಗ್ರಾಮಿಗೂ ಮಿಗಿಲು ಚಿನ್ನ ದೊರೆಯುತ್ತಿತ್ತು. ಕೊನೆಗಾಲದಲ್ಲಿ ಮೂರು ನಾಲ್ಕು ಗ್ರಾಮಿಗೆ ಇಳಿಯಿತು. 1905ರ ಸುಮಾರಿಗೆ ಹುಟ್ಟುವಳಿ ತುತ್ತತುದಿಯನ್ನು ಮುಟ್ಟಿತು. ನೂರಿಪ್ಪತ್ತು ವರ್ಷಗಳಲ್ಲಿ ತೆಗೆದ ಚಿನ್ನ ಒಟ್ಟು 800 ಟನ್. ಇಷ್ಟಕ್ಕೆ ಅರೆದ ಕಲ್ಲಿನ ಹಿಟ್ಟು ಎಲ್ಲಿ ಹೋಯಿತು? ಅದು ಹೋಗಲಿಲ್ಲ. ಮೂರು ಕೋಟಿ ಟನ್ನಿಗೂ ಮಿಗಿಲಾದ ಆ ಹಿಟ್ಟು ಊರ ಮಗ್ಗುಲಿನಲ್ಲಿಯೇ ಬೂದುಬಣ್ಣದ ಗುಡ್ಡಗಳಾಗಿ ನಿಂತಿದೆ. ಜನ ಇವನ್ನು ಸಯನೈಡ್ ಗುಡ್ಡಗಳೆನ್ನುವರು. ಹುಲ್ಲು ಕೂಡ ಸರಿಯಾಗಿ ಹತ್ತದ ಅವುಗಳ ಧೂಳು ಆಷಾಢದ ಗಾಳಿಗೆ ಎದ್ದು ಮನೆಮನೆಯ ಅನ್ನಕ್ಕೂ ಬೀಳುವುದು.

ಬೆಟರಾಯಸ್ವಾಮಿ ಕೊಂಡವನ್ನು ದೇವರು ಮಾಡಿದನೆಂದು ಭಕ್ತರು ಹೇಳುವರು. ಈ ಬೂದಿಯ ಗುಡ್ಡಗಳನ್ನು ಮಾಡಿದವರು ಯಾರೆಂಬುದರಲ್ಲಿ ಸಂದೇಹವಿಲ್ಲ. ಇವುಗಳ ಒಂದೊಂದು ಹಿಡಿಯೂ ಯಾವನೋ ಒಬ್ಬ ಕೂಲಿಗಾರನು ಕತ್ತಲೆಯಲ್ಲಿ ಕೊರೆದು ಮೇಲಕ್ಕೆ ಕಳುಹಿಸಿದುದು. ರೆಸಿಡೆಂಟರ ಹೆಸರಿಗೆ ಪೇಟೆಯುಂಟು, ಕಮಿಷನರ ಹೆಸರಿಗೆ ರೈಲುನಿಲ್ದಾಣವಿತ್ತು. ಗಣಿಯಾಳುಗಳಿಗೆ ಉಳಿದ ಸ್ಮಾರಕವೆಂದರೆ ಈ ಗುಡ್ಡಗಳೇ.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೂ, 1962ರಲ್ಲಿ ಕೇಂದ್ರ ಸರ್ಕಾರದ ವಶಕ್ಕೂ ಬಂದುವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯಾಯಿತು. ಖರ್ಚು ಬೆಳೆದು, ಚಿನ್ನ ಕ್ಷೀಣಿಸಿ, 2001ನೆಯ ಇಸವಿ ಫೆಬ್ರವರಿ 28ರಂದು ಕೆಲಸ ನಿಂತಿತು. ಬಾವಿಗಳಲ್ಲಿ ನೀರು ತುಂಬಿಕೊಂಡಿತು. ಗಣಿ ಮುಚ್ಚಿದ ಊರು ಹಾಳುಬೀಳುವುದೆಂದು ಹೊರಗಿನವರು ಎಣಿಸಿದ್ದರು. ಹಾಗಾಗಲಿಲ್ಲ. ಮೂರು ನಾಲ್ಕು ತಲೆಮಾರು ಇಲ್ಲಿಯೇ ಹುಟ್ಟಿ, ಇಲ್ಲಿಯೇ ಮಣ್ಣಾದವರ ಮಕ್ಕಳಿಗೆ ಹಿಂದಿರುಗಿ ಹೋಗಲು ಬೇರೆ ಊರೆಲ್ಲಿದೆ? ನಸುಕಿನಲ್ಲಿ ಮಾರಿಕುಪ್ಪದಿಂದ ಹೊರಡುವ ರೈಲನ್ನು ಹಿಡಿದು ಸಾವಿರಾರು ಜನ ಬೆಂಗಳೂರಿಗೆ ದುಡಿಯಲು ಹೋಗಿ, ಇರುಳಾದ ಮೇಲೆ ಮನೆ ಸೇರುತ್ತಾರೆ. ಚಿನ್ನವನ್ನು ಹೊರಕ್ಕೆ ಸಾಗಿಸಲು ಹಾಕಿದ ಕಂಬಿಗಳು ಈಗ ಮನುಷ್ಯರ ದುಡಿಮೆಯನ್ನು ಸಾಗಿಸುತ್ತಿವೆ. ಅಜ್ಜ ಆಳಕ್ಕೆ ಇಳಿದ; ಮೊಮ್ಮಗ ದೂರಕ್ಕೆ ಹೋಗುತ್ತಾನೆ. ಮನೆ ಮಾತ್ರ ಅದೇ ಲೈನಿನಲ್ಲಿದೆ.

ನೀರಿನ ಪಾಡೂ ಹಾಗೆಯೇ. ಹಿಂದೆ ಬೆಂಗಳೂರಿಗಿಂತ ಮೊದಲು ಇಲ್ಲಿಗೆ ಮಿಂಚು ಬಂದಿತ್ತು. 2018ರಿಂದ ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಎರಡು ಹಂತದಲ್ಲಿ ಶುದ್ಧಿಮಾಡಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಆ ನೀರಿಗೆ ದಾರಿ ಮಾಡಿಕೊಟ್ಟುದು ಹಿರಿಯರು ಕಟ್ಟಿದ ಅದೇ ಕೆರೆಗಳ ಮಣಿಸರ. ಅದು ಸಾಕಷ್ಟು ಶುದ್ಧವೋ ಅಲ್ಲವೋ ಎಂಬ ವಾದವು ನಡೆದಿದೆ. ರೈತರು ಅಂಜಿಕೆಯಿಂದಲೂ ಆಸೆಯಿಂದಲೂ ಅದನ್ನು ನೋಡುತ್ತಿದ್ದಾರೆ.

ಒಂದು ಸೀಮೆಯ ಸಂಪತ್ತನ್ನು ನಾವು ಸಾಮಾನ್ಯವಾಗಿ ಅದರಿಂದ ಹೊರಗೆ ಹೋದ ವಸ್ತುವಿನಿಂದ ಅಳೆಯುತ್ತೇವೆ. ಆ ಲೆಕ್ಕದಲ್ಲಿ ಕೋಲಾರದ ಚಿನ್ನದ ಸೀಮೆಯ ಚರಿತ್ರೆ 2001ರಲ್ಲಿ ಮುಗಿಯಿತು. ಆದರೆ ಗಂಗರ ಕಾಲದಲ್ಲಿ ಗುಂಡಿ ತೋಡಿದವರೂ, ವಾರನ್ನನಿಗೆ ಮಣ್ಣು ತೊಳೆದು ತೋರಿಸಿದವರೂ, ಘಟ್ಟವೇರಿ ಬಂದು ಹತ್ತು ಸಾವಿರ ಅಡಿ ಇಳಿದವರೂ ಒಂದೇ ಸರದ ಜನ. ಆ ಸರ ಇನ್ನೂ ಕಡಿದಿಲ್ಲ. ಮುಂದೊಮ್ಮೆ ಶ್ರೋತೃಗಳು ಬಂಗಾರಪೇಟೆಯ ಕಡೆ ರೈಲಿನಲ್ಲಿ ಹೋಗುವಾಗ ಮೂಡಲಿಗೆ ಕಣ್ಣು ಹಾಯಿಸಿದರೆ, ಕರಿಯ ಬಂಡೆಯ ಗುಡ್ಡಗಳ ಬದಿಯಲ್ಲಿ ಬೋಳಾದ ಬೂದುಗುಡ್ಡಗಳನ್ನು ನೋಡಬಹುದು. ಅವುಗಳ ಧೂಳು ಏಳದಂತೆ ಹಸುರು ಹೊದಿಸುವುದೂ, ಅವುಗಳ ಬುಡದಲ್ಲಿ ಬಾಳುತ್ತಿರುವವರಿಗೆ ಕುಡಿಯುವ ನೀರನ್ನೂ ತಮ್ಮದೆನ್ನಬಹುದಾದ ಸೂರನ್ನೂ ಕೊಡುವುದೂ, 800 ಟನ್ ಚಿನ್ನವನ್ನು ಪಡೆದ ನಾಡು ತೀರಿಸಬೇಕಾದ ಋಣವೆಂದು ನಾವು ಭಾವಿಸುತ್ತೇವೆ.